ಬರೆಯುವ ಸ್ಥಿತಿ

ತಾನು ಯಾವ ಸ್ಥಿತಿಯಲ್ಲಿದ್ದೇನೆ ಎಂದು ತಿಳಿಯದಿರುವುದೇ ಮನುಷ್ಯನ ಸಕಲ ದುಃಖಗಳಿಗೆ ಮೂಲ. ನಾನು ಕಂಪ್ಯೂಟರಿನಲ್ಲಿ ಬರೆಯಲು ಬಳಸುವ ಎಡಿಟರ್‌ನಲ್ಲಿ ಅದನ್ನು ಪರದೆಯ ಕೆಳಗೆ, ಎಡಮೂಲೆಯಲ್ಲಿ ಬರೆದೇ ಇಟ್ಟಿರುತ್ತಾರೆ. ಯಾರೂ ನೋಡುವುದಿಲ್ಲ.

ಈ ಎಡಿಟರ್‌ಗೆ ಎರಡು ಸ್ಥಿತಿ. ಒಂದರಲ್ಲಿ ಒತ್ತಿದ ಕೀಲಿ ಅಕ್ಷರವಾಗುತ್ತದೆ, ಇನ್ನೊಂದರಲ್ಲಿ ಆಜ್ಞೆ. ತೆರೆದಾಗ ಇರುವುದು ಆಜ್ಞೆಯ ಸ್ಥಿತಿ. ಬರೆಯಬೇಕಾದರೆ ಮೊದಲು ಒಂದು ಕೀಲಿ ಒತ್ತಿ ಅಪ್ಪಣೆ ಪಡೆಯಬೇಕು.

ಲಾಯಿಲದ ನನ್ನ ಮನೆಗೆ ಶನಿವಾರ ಬರುತ್ತಿದ್ದವರು ಒಬ್ಬರೇ. ಬಂಟ್ವಾಳದ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಟೈಪಿಸ್ಟರು, ಈಗ ಶಿರ್ತಾಡಿಯಲ್ಲಿದ್ದಾರೆ. ತಮ್ಮ ತಾಯಿ ಬರೆಸಿದ್ದ ನಾಟಿಮದ್ದಿನ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಲು ಬಸ್ಸು ಬದಲಿಸಿ ಬರುತ್ತಿದ್ದರು. ಹಳೆಯ ಟೈಪಿಸ್ಟರ ಶಿಸ್ತು: ಕಣ್ಣು ಮೂಲಪ್ರತಿಯ ಮೇಲೆ, ಟೈಪಾಗುವ ಕಾಗದದ ಮೇಲಲ್ಲ. ಒಂದು ಶನಿವಾರ ನಾನು ಚಹಾ ತರುವಷ್ಟರಲ್ಲಿ ಅವರು ಎರಡು ಪುಟ ಮುಗಿಸಿ ತಲೆಯೆತ್ತಿದ್ದರು.

"ನಾನು ಬರೆದದ್ದು ಎಲ್ಲುಂಟು ಮಾರಾಯ್ರೆ?"

"ಮೊದಲು ಬರೆಯುವ ಕೀಲಿ ಒತ್ತಿದ್ದೀರಾ?"

"ಮೂವತ್ತು ವರ್ಷ ಟೈಪ್ ಮಾಡಿದವನು ನಾನು. ಯಾವ ಮೆಷಿನ್ನಿನ ಅಪ್ಪಣೆಯನ್ನೂ ಕೇಳಿದವನಲ್ಲ."

ಚಹಾ ಕುಡಿದು ಹೊರಟರು. ಮುಂದಿನ ಎರಡು ಶನಿವಾರ ಬರಲಿಲ್ಲ.

ಅವರು ಮತ್ತೆ ಬರಬೇಕೆಂದು ನಾನೊಂದು ಸ್ಕ್ರಿಪ್ಟು, ಎಂದರೆ ಎಡಿಟರ್ ತಾನಾಗಿಯೇ ನಡೆಸುವ ಆಜ್ಞೆಗಳ ಪಟ್ಟಿ, ಬರೆಯಲು ಕುಳಿತೆ. ಕಡತ ತೆರೆದೊಡನೆ ಬರೆಯುವ ಸ್ಥಿತಿ ಬರಬೇಕು, ಮೇಲೆ ಆ ದಿನದ ತಾರೀಕು ಬೀಳಬೇಕು. ಮೊದಲ ಸಾಲಿನಲ್ಲಿ 'ಬರೆಯಲು ತೊಡಗು' ಎಂದು ಹೇಳಿ, ಕೆಳಗೆ ತಾರೀಕನ್ನು ಕೊಟ್ಟೆ. ತಾರೀಕು ಬೀಳಲಿಲ್ಲ, ಕರ್ಸರ್ ಮಾತ್ರ ಎಲ್ಲೋ ಹೋಗಿ ಕುಳಿತಿತ್ತು. ಒಂದು ವಾರ ಒದ್ದಾಡಿದ ಮೇಲೆ ಸಹಾಯದ ಪುಟದಲ್ಲಿ ಉತ್ತರ ಸಿಕ್ಕಿತು: ಸ್ಕ್ರಿಪ್ಟಿನೊಳಗೆ ಎಲ್ಲಿ ಹೇಳಿದರೂ, ಸ್ಕ್ರಿಪ್ಟು ಪೂರ್ತಿ ಮುಗಿದ ಮೇಲಷ್ಟೇ ಬರೆಯುವ ಸ್ಥಿತಿ ಬರುತ್ತದೆ. ಅಲ್ಲಿಯವರೆಗೆ ನನ್ನ ತಾರೀಕೂ ಅದಕ್ಕೆ ಆಜ್ಞೆಯೇ. ತಾರೀಕನ್ನು ಬೇರೆ ರೀತಿಯಲ್ಲಿ ಹಾಕಿಸಿ, 'ಬರೆಯಲು ತೊಡಗು' ಎಂಬ ಸಾಲನ್ನು ಕೊನೆಗೆ ಒಯ್ದೆ. ಸರಿಯಾಯಿತು. ಮನೆಯಲ್ಲಿ ಹೇಳಲು ಯಾರೂ ಇರಲಿಲ್ಲವಾದ್ದರಿಂದ ಅವರಿಗೇ ಫೋನ್ ಮಾಡಿದೆ.

"ಈಗ ಏನೂ ಒತ್ತುವುದು ಬೇಡ. ಕೂತು ಟೈಪ್ ಮಾಡಿದರಾಯಿತು. ಶನಿವಾರ ಬನ್ನಿ."

"ಅಯ್ಯೋ, ನಿಮಗೆ ಹೇಳಲಿಲ್ಲ ಅಲ್ವಾ? ನನ್ನ ಪುಳ್ಳಿ, ಮಗಳ ಮಗಳು, ಮೊಬೈಲಿನಲ್ಲಿ ಏನೋ ಮಾಡಿ ಕೊಟ್ಟಿದ್ದಾಳೆ. ನಾನು ಓದಿದರೆ ಸಾಕು, ಅದೇ ಬರೀತದೆ. ಪುಸ್ತಕ ಮುಗೀತಾ ಬಂತು."

"ಒಳ್ಳೆಯದಾಯಿತು."

"ನೀವೇ ಒಮ್ಮೆ ಈಚೆ ಬನ್ನಿ."

"ಬರುವ, ಬರುವ," ಎಂದೆ.

ಅವರ ಪುಸ್ತಕ ಆ ತಿಂಗಳೇ ಮುಗಿಯಿತು. ಸ್ಕ್ರಿಪ್ಟು ಈಗಲೂ ತಪ್ಪಿಲ್ಲದೆ ಕೆಲಸ ಮಾಡುತ್ತದೆ.