ನಲ್ಲಿ ಪಕ್ಕದ ಟವಲ್ಲು

ಬೆಳಗಿನ ಆರು ಗಂಟೆ. ಪೀಣ್ಯದ ಕಾರ್ಖಾನೆ ಶೆಡ್ಡುಗಳಿಂದ ರಾತ್ರಿಪಾಳಿಯವರು ಹೊರಬೀಳುವ ಹೊತ್ತಿಗೆ ಭಾಗ್ಯಮ್ಮ ಕ್ಲಿನಿಕ್ಕಿನ ಪಂಪ್ ಸ್ಟೌ ಮೇಲೆ ಚಿಮಟ, ಕತ್ತರಿ ಕುದಿಸುತ್ತಿದ್ದಾರೆ. ಕಣ್ಣು ಮಾತ್ರ ಬಾಗಿಲ ಕಡೆಗೇ. ಒಳಗೊಮ್ಮೆ ಹೋಗುತ್ತಾರೆ, ಹೊರಗೊಮ್ಮೆ ಬಂದು ರಸ್ತೆ ನೋಡುತ್ತಾರೆ. ಕಾಡಪ್ಪ ಇನ್ನೂ ಬಂದಿಲ್ಲ.

"ಬೆರಳು ಉಳಿಯುತ್ತೋ ಇಲ್ವೋ ಅಂತ ನಂಗೆ ನಿದ್ದೆ ಇಲ್ಲ. ಈ ಮಹಾರಾಯಂಗೆ ಚಿಂತೇನೇ ಇಲ್ಲ ನೋಡಿ!" ಎಂದು ಗೊಣಗುತ್ತಾರೆ.

ಈ ಪುಟ್ಟ ಕ್ಲಿನಿಕ್ಕಿನಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವರ ಕೆಲಸ. ಗಂಡ ತೀರಿಕೊಂಡ ಮೇಲೆ ನೆಲ ಒರೆಸಲು ಬಂದವರಿಗೆ ಡಾಕ್ಟರ್ ಪಂಚಾಕ್ಷರಿ ಈ ಕೆಲಸ ಕಲಿಸಿದರು. ದಿನಕ್ಕೆ ಮೂವತ್ತು ನಲವತ್ತು ಕೈಗಳು ಅವರ ಮುಂದೆ ಚಾಚಿಕೊಳ್ಳುತ್ತವೆ. ಮನೆಯಲ್ಲಿ ಅನ್ನ ಕಲಸುವಾಗಲೂ ಬೆರಳಿನ ಸ್ಪಿರಿಟ್ ವಾಸನೆ ಹೋಗುವುದಿಲ್ಲ.

ಕಾಡಪ್ಪ ಹತ್ತಿರದ ಶೆಡ್ಡೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸಗಾರ. ಕಬ್ಬಿಣದ ಚೂರು ಹೆಬ್ಬೆರಳಿಗೆ ಹೊಕ್ಕಾಗ ಮೆಡಿಕಲ್ ಶಾಪಿನ ಎರಡು ಮಾತ್ರೆ ನುಂಗಿ ಸುಮ್ಮನಾದ. ಬೆರಳು ಬದನೆಕಾಯಿಯಂತೆ ಊದಿತು. ಕೀವು ಪರೀಕ್ಷೆಗೆ ಕಳಿಸಿದರೆ, ಮಾಮೂಲಿ ಔಷಧಿಗಳಿಗೆ ಜಗ್ಗದ ಕ್ರಿಮಿ ಅಂತ ಗೊತ್ತಾಯಿತು. ಈಗ ಬೇರೆ ಇಂಜೆಕ್ಷನ್ ನಡೆದಿದೆ. ಅದಕ್ಕೂ ಬಗ್ಗದಿದ್ದರೆ ಬೆರಳು ತೆಗೆಯಬೇಕು. ಹೆಬ್ಬೆರಳಿಲ್ಲದವನಿಗೆ ಯಾರು ಲೇತ್ ಕೊಟ್ಟಾರು? ಸಾಲದ್ದಕ್ಕೆ ಅದೇ ಶೆಡ್ಡಿನ ಇನ್ನೂ ಮೂವರಿಗೆ ಕುರು ಎದ್ದಿದೆ.

ಭಾಗ್ಯಮ್ಮನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಸ್ಟೌ ಆರಿಸಿ, ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೇ ನಡೆಯುತ್ತಾರೆ.

ಕಾಡಪ್ಪ ಅಲ್ಲೇ ನಲ್ಲಿ ಹತ್ತಿರ ನಿಂತಿದ್ದಾನೆ. ಪಟ್ಟಿ ತೊಪ್ಪೆಯಾಗಿದೆ. ಆ ಕೈಯನ್ನೇ ಮೊಳೆಗೆ ನೇತುಹಾಕಿದ ಟವಲ್ಲಿಗೆ ಒರೆಸುತ್ತಿದ್ದಾನೆ! ಆಯುಧಪೂಜೆಗೆ ಮಾಲೀಕರು ತಂದ ಟವಲ್ಲದು. ಮುಂದಿನ ಪೂಜೆಯವರೆಗೆ ಇಡೀ ಶೆಡ್ಡಿಗೆ ಅದೊಂದೇ. ಯಾರಿಗೆ ಗಾಯವಾದರೂ ರಕ್ತಕ್ಕೆ ಒತ್ತಿಹಿಡಿಯುವುದು ಅದರ ತುದಿಯನ್ನೇ.

ಭಾಗ್ಯಮ್ಮ ಅದನ್ನು ಕಿತ್ತು ಪ್ಲಾಸ್ಟಿಕ್ ಕವರಿಗೆ ತುರುಕುತ್ತಾರೆ. ಹಿರಿಯ ಕೆಲಸಗಾರ ವೆಂಕಟೇಶಪ್ಪ ಓಡಿಬರುತ್ತಾರೆ.

"ಅಯ್ಯೋ, ಪೂಜೆ ಟವಲ್ಲು ಕಣಮ್ಮ! ನಾವೆಲ್ಲ ಇಲ್ಲಿ ಒಂದೇ ಮನೆಯೋರ ತರ ಇದೀವಿ."

"ಒಂದೇ ಮನೆಯೋರು ಅಂತ ಕೀವನ್ನೂ ಹಂಚ್ಕೋತೀರಾ? ಇವನ ಬೆರಳು ಹೋದ್ರೆ ಪೂಜೆ ಮಾಡಿ ತರ್ತೀರಾ?"

ಭಾಗ್ಯಮ್ಮ ಕಾಡಪ್ಪನ ತೋಳು ಹಿಡಿದು ಹೊರಡುತ್ತಾರೆ.

ಕ್ಲಿನಿಕ್ಕಿಗೆ ಬಂದು, ಕಾಡಪ್ಪನ ಎರಡೂ ಕೈಗೆ ಸೋಪು ಹಚ್ಚಿಸಿ, ತಾವೂ ತೊಳೆದು, ಪಟ್ಟಿ ಬಿಚ್ಚುತ್ತಾರೆ. ಊತ ಇಳಿದಿದೆ. ಕೀವಿಲ್ಲ.

"ಎಲ್ಲಿ, ಮಡಚು ನೋಡೋಣ."

ಹೆಬ್ಬೆರಳು ನಿಧಾನವಾಗಿ ಮಡಚಿಕೊಳ್ಳುತ್ತದೆ. ಡಾಕ್ಟರು ಇಣುಕಿ ನೋಡಿ, "ಉಳೀತು ಬಿಡಯ್ಯ. ಇಂಜೆಕ್ಷನ್ ಮಾತ್ರ ಪೂರ್ತಿ ಮುಗಿಸ್ಬೇಕು," ಅನ್ನುತ್ತಾರೆ. ಭಾಗ್ಯಮ್ಮನ ಕಣ್ಣು ತುಂಬಿಬರುತ್ತದೆ, ಆದರೂ ನೆಮ್ಮದಿ ಎಲ್ಲಿಂದ ಬರಬೇಕು? ಉಳಿದ ಮೂವರನ್ನು ಕರೆಸಬೇಕು.

ನಿಮ್ಮ ಆಸೆ ಏನಮ್ಮ ಎಂದು ಕೇಳಿದರೆ, ಹೊಸ ಪಟ್ಟಿ ಸುತ್ತುತ್ತಲೇ ಹೇಳುತ್ತಾರೆ: "ಆ ಶೆಡ್ಡಲ್ಲಿ ತಲೆಗೊಂದು ಬಟ್ಟೆ ತುಂಡು ನೇತಾಡ್ಬೇಕು ಅಷ್ಟೇ. ನನ್ನ ಹಳೇ ಕಾಟನ್ ಸೀರೆ ಹರಿದು ಕೊಡ್ತೀನಿ."

ಕಾಡಪ್ಪ ಎದ್ದವನೇ ಅವರ ಕಾಲಿಗೆ ಬಗ್ಗುತ್ತಾನೆ.

ಭಾಗ್ಯಮ್ಮ ಹೌಹಾರಿ ಹಿಂದಕ್ಕೆ ಜಿಗಿಯುತ್ತಾರೆ. "ಕಾಲು ಮುಟ್ಬೇಡ್ವೋ! ಈಗ್ತಾನೇ ತೊಳ್ಸಿದ ಕೈ ಅದು!"