ಕಾಕು ಕಲಿತ ಜಪಾನಿ ಮಾತು

ಎರಡು ವರ್ಷದ ಹಿಂದಿನ ಏಪ್ರಿಲ್ ಕೊನೆ. ನರ್ಸಿಂಗ್ ಮುಗಿಸಿದ್ದ ನಾನು, ಜಪಾನಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಸಿಕ್ಕೀತೆಂಬ ಆಸೆಯಿಂದ ಹಳಿಯಾಳದ ನಮ್ಮ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದೆ. ನಮ್ಮ ಟೀಚರ್‌ಗೆ ಪರಿಚಯದ ಹಾರುಮಿ ಎಂಬ ಹಿರಿಯ ಜಪಾನಿ ಮಹಿಳೆ ಮಂಗಟ್ಟೆ ಹಕ್ಕಿ ನೋಡಲು ದಾಂಡೇಲಿಗೆ ಬಂದಿದ್ದರು. ಎರಡು ದಿನ ಹಳ್ಳಿ ಮನೆಯಲ್ಲಿರಬೇಕು ಎಂದರಂತೆ. ಕುಂಬಾರವಾಡದ ಹತ್ತಿರ ನಮ್ಮ ಕಾಕಾ-ಕಾಕು, ಅಂದರೆ ಚಿಕ್ಕಪ್ಪ-ಚಿಕ್ಕಮ್ಮನ ಮನೆಯಿದೆ, ನಾನು ಕರೆದುಕೊಂಡು ಹೋಗುತ್ತೇನೆ ಎಂದು ಮುಂದೆ ಬಿದ್ದೆ. ಪುಕ್ಕಟೆ ಜಪಾನಿ ಮಾತಾಡಿ ನಾಲಿಗೆ ತಿರುಗಿಸಿಕೊಳ್ಳಬಹುದೆಂಬ ದುರಾಸೆ, ಬೇರೇನಲ್ಲ.

ಅಲ್ಲಿ ತಲುಪಿದ ಮರುದಿನ ಬೆಳಿಗ್ಗೆ ಕಾಕು ಒಲೆಯ ಬೂದಿ ಸರಿಸಿ ಕೆಂಡ ಊದುತ್ತಿದ್ದಳು. ಹಾರುಮಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಮ್ಮ ಭಾಷೆಯ ಮಾತುಗಳನ್ನು ಹೇಳತೊಡಗಿದರು. ‘ಹಿ’ ಎಂದರೆ ಬೆಂಕಿ. ಕಿಡಿಗೆ ‘ಹಿ ನೊ ಕೊ’, ಬರೆದರೆ ಬೆಂಕಿಯ ಪುಡಿ, ಕಿವಿಗೆ ಮಾತ್ರ ಬೆಂಕಿಯ ಮಗು ಎಂದಂತೆಯೇ ಕೇಳುತ್ತದಂತೆ. ಬೂದಿಯೊಳಗೆ ಉಳಿಸಿಟ್ಟ ಕೆಂಡಕ್ಕೆ ‘ಹಿದಾನೆ’, ಬೆಂಕಿಯ ಬೀಜ. ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಕಾಕು ನಕ್ಕಳು.

“ಅಯ್ಯ, ಹಂಗಾರ ನಮ್ಮ ಒಲ್ಯಾಗ ದಿನಾ ಎಷ್ಟ ಕೂಸು ಹುಟ್ತಾವೋ! ಹಾರುಮಿ ಬಾಯಾರಿಗೆ ಹೇಳು, ನಾನು ರಾತ್ರಿ ಬೀಜಾ ಮುಚ್ಚಿಟ್ಟೇ ಮಲಗತೇನಿ.”

ಹಾರುಮಿ ಎರಡು ಕಟ್ಟಿಗೆ ತುಂಡು ತೆಗೆದುಕೊಂಡು ಟಕ್ ಟಕ್ ಎಂದು ಬಡಿದರು. ಅವರ ಊರಲ್ಲಿ ಚಳಿಗಾಲದ ರಾತ್ರಿ ಹೀಗೆ ಬಡಿಯುತ್ತ, ‘ಹಿ ನೊ ಯೋಜಿನ್’, ಬೆಂಕಿಯ ಬಗ್ಗೆ ಎಚ್ಚರ ಎಂದು ಕೂಗುತ್ತ ಓಣಿ ಸುತ್ತುತ್ತಾರಂತೆ. ಕಾಕು ಆ ಕಟ್ಟಿಗೆ ಕಸಿದುಕೊಂಡು ತಾನೂ ಬಡಿದು, ಕೂಗಿ, ಹೊಟ್ಟೆ ಹಿಡಿದು ನಕ್ಕಳು.

ಅದೇ ಹೊತ್ತಿಗೆ ಕಾಕಾ ಗದ್ದೆಯ ಆಚೆ ತುದಿಯಲ್ಲಿ ಸಸಿಮಡಿ ಸುಡುತ್ತಿದ್ದ. ಭತ್ತದ ಬೀಜ ಹಾಕುವ ಜಾಗದ ಮೇಲೆ ಒಣಸೊಪ್ಪು, ಸಗಣಿ ಹರಡಿ ಸುಟ್ಟರೆ ಕಳೆ ಸಾಯುತ್ತದೆ, ಸಸಿ ಚೆನ್ನಾಗಿ ಬರುತ್ತದೆ. ಪ್ರತಿ ವರ್ಷ ಗಾಳಿ ಏಳುವ ಮೊದಲೇ ಸುಟ್ಟು ಮುಗಿಸುತ್ತಾನೆ. ಆ ದಿನವೂ ಮುಗಿಸಿ, ಮೇಲೆ ಎರಡು ಕೊಡ ನೀರು ಚಿಮುಕಿಸಿ ಮನೆಗೆ ಬಂದ. ಸಗಣಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೇ ಇರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ವರ್ಷ ಏನೂ ಆಗಿರಲಿಲ್ಲವಲ್ಲ, ಆ ಧೈರ್ಯ.

ಮಧ್ಯಾಹ್ನ ಉಂಡು ಕೂತಿದ್ದೆವು. ಬಿಸಿಗಾಳಿ ಬೀಸತೊಡಗಿತು. ತಟ್ಟೆ ತೊಳೆಯಲು ಹೋದ ಕಾಕು ಹೊರಗಿನಿಂದ ಚೀರಿದಳು.

“ಏನ್ರೀ! ಗದ್ದಿಗೆ ಬೆಂಕಿ ಹತ್ತೇತ್ರಿ!”

ಗದ್ದೆಯ ಒಣ ಕೂಳೆ ದಾಟಿ, ಮನೆಯ ಮುಂದಿನ ಹುಲ್ಲುಗಾವಲು, ಬ್ಯಾಣದ ಒಣಹುಲ್ಲಿಗೆ ಬೆಂಕಿ ಬಂದಾಗಿತ್ತು. ಗಾಳಿ ನೇರ ಮನೆಯತ್ತ. ಅಂಗಳದ ಬದಿಯಲ್ಲಿ ಹುಲ್ಲಿನ ಬಣವಿ, ಪಕ್ಕದಲ್ಲಿ ದನದ ಕೊಟ್ಟಿಗೆ, ಮನೆಯ ಹಿಂದೆ ಕಾಡುಗುಡ್ಡ. ಕಾಕಾ ದನಗಳ ಹಗ್ಗ ಬಿಚ್ಚಿ ಅಂಗಳಕ್ಕೆ ಅಟ್ಟಿದ. ಹಾರುಮಿ ನನ್ನ ಕೈ ಹಿಡಿದು ಗುಡ್ಡದ ಕಡೆ ಎಳೆದರು. ನನಗೂ ಅದೇ ಸರಿ ಎನಿಸಿತು. ಓಡಲು ಕಾಲೆತ್ತಿದೆವು.

“ಏ ಹುಡುಗಿ! ಗುಡ್ಡಾ ಹತ್ತಬ್ಯಾಡ್ರಿ! ಬೆಂಕಿ ನಿಮಗಿಂತ ಜೋರ ಹತ್ತತೈತಿ. ಬಾಯಾರನ್ನ ಅಂಗಳದಾಗ ಹಿಡಕೊಂಡ ನಿಂದ್ರು!”

ಹಾಗೆಂದವನೇ ಒಳಗೆ ನುಗ್ಗಿ, ಒಲೆಯಿಂದ ಉರಿಯುವ ಕೊಳ್ಳಿ ತಂದು ಅಂಗಳದಂಚಿನ ಹುಲ್ಲಿಗೆ ತಾನೇ ಬೆಂಕಿ ಇಡಲು ಬಗ್ಗಿದ. ಹಾರುಮಿ ಕಿರುಚಿ ನನ್ನಿಂದ ಬಿಡಿಸಿಕೊಂಡು ಹೋಗಿ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದರು. ಮನುಷ್ಯನಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡರೇನೋ. ಕಾಕಾನಿಗೆ ಹಿರಿಯ ಹೆಂಗಸನ್ನು ನೂಕಲು ಮನಸ್ಸಿಲ್ಲ. ಅತ್ತ ಬೆಂಕಿ ಚಟಚಟ ಎನ್ನುತ್ತ ಹತ್ತಿರವಾಗುತ್ತಿತ್ತು.

“ಇಲ್ಲಿ ಹುಲ್ಲ ಮೊದಲ ಸುಟ್ರ ಆ ಬೆಂಕಿ ಇಲ್ಲೇ ನಿಲ್ಲತೈತಿ, ಹೇಳ ಅವರಿಗೆ! ಹೊತ್ತಿಲ್ಲ!”

ನಾನು ಕಲಿತದ್ದೆಲ್ಲ ವೃದ್ಧಾಶ್ರಮದ ಜಪಾನಿ. ಔಷಧಿ ಹೊತ್ತಾಯಿತು, ನೋವಾಗುತ್ತಿದೆಯೇ, ನಿಧಾನವಾಗಿ ಏಳಿ. ಇದಕ್ಕೆ ಪಾಠವೇ ಇರಲಿಲ್ಲ. ಬೆಳಿಗ್ಗೆ ಕಲಿತ ‘ಹಿ’ ಒಂದನ್ನೇ ಹಿಡಿದುಕೊಂಡು, ಎರಡೂ ಕಡೆ ಬೆರಳು ತೋರಿಸಿ, ಈ ಬೆಂಕಿ ಆ ಬೆಂಕಿಯನ್ನು ನಿಲ್ಲಿಸುತ್ತದೆ ಎಂದು ಮುರುಕು ಜಪಾನಿಯಲ್ಲಿ ಕೂಗಿದೆ. ಅವರು ನನ್ನನ್ನು ನೋಡಿದರು, ಕಾಕಾನ ಮುಖ ನೋಡಿದರು.

“ಮುಕಾಯ್‌ಬಿ,” ಎಂದರು. ಕೈ ಬಿಟ್ಟರು.

ಎದುರು ಬೆಂಕಿಗೆ ಅವರಲ್ಲೂ ಒಂದು ಹೆಸರಿತ್ತು. ಅಜ್ಜಿಯ ಬಾಯಲ್ಲಿ ಕೇಳಿದ್ದರಂತೆ, ಕಣ್ಣಿಂದ ಕಂಡಿರಲಿಲ್ಲ. ಆಮೇಲೆ ಹೇಳಿದರು.

ಕಾಕಾ ಅಂಗಳದ ಉದ್ದಕ್ಕೂ ಹುಲ್ಲಿಗೆ ಬೆಂಕಿ ಮುಟ್ಟಿಸುತ್ತ ಹೋದ. ಅದು ನಮ್ಮತ್ತ ತಿರುಗದಂತೆ ಕಾಕು ಹಸಿ ಟೊಂಗೆಯಿಂದ ಬಡಿಯುತ್ತಿದ್ದಳು. ನಾನೂ ಹಾರುಮಿಯೂ ಟೊಂಗೆ ಮುರಿದುಕೊಂಡು ಸೇರಿದೆವು. ಕಣ್ಣು ಉರಿ, ಕೆಮ್ಮು, ದನಗಳ ಕೂಗು. ನಮ್ಮ ಬೆಂಕಿ ಗಾಳಿಗೆದುರಾಗಿ ನಿಧಾನ ಸುಡುತ್ತ ಮುಂದೆ ಹೋಯಿತು, ಹಿಂದೆ ಕರಿನೆಲ ಉಳಿಯಿತು. ದೊಡ್ಡ ಬೆಂಕಿ ಬಂದು ಅದಕ್ಕೆ ಮುಟ್ಟಿದಾಗ ಎದ್ದ ಸದ್ದಿಗೆ ನಾನು ಹಿಂದಕ್ಕೆ ಜಿಗಿದೆ. ಆಮೇಲೆ ಸುಡಲು ಏನೂ ಇರದೆ ಎರಡೂ ಕುಸಿದವು.

ಎಲ್ಲರೂ ಅದನ್ನೇ ನೋಡುತ್ತಿದ್ದೆವು. ಹಾರುಮಿ ಮಾತ್ರ ಹಿಂದೆ ತಿರುಗಿದ್ದರು.

“ಹಿ ನೊ ಕೊ! ಹಿ ನೊ ಕೊ!”

ನಾಲ್ಕು ತಿಂಗಳು ಜಪಾನಿ ಕಲಿತ ನಾನು ಅವರ ಮುಖ ನೋಡುತ್ತ ನಿಂತಿದ್ದೆ. ಕಾಕು ಆಗಲೇ ಕೊಡ ಎತ್ತಿಕೊಂಡು ಬಣವಿಯತ್ತ ಓಡಿದ್ದಳು. ಬಣವಿಯ ನೆತ್ತಿಯ ಮೇಲೆ ಕಿಡಿ ಬಿದ್ದು ಹೊಗೆಯಾಡುತ್ತಿತ್ತು. ನೀರು ಎರಚಿ, ಆ ಹುಲ್ಲು ಕಿತ್ತೆಸೆದು, ಮತ್ತೆ ನೀರು ಎರಚಿದಳು. ಬಣವಿ ಹೊತ್ತಿದ್ದರೆ ಕೊಟ್ಟಿಗೆ, ಮನೆ ಯಾವುದೂ ಉಳಿಯುತ್ತಿರಲಿಲ್ಲ.

ಸಂಜೆ ಕಾಕಾ ಸಸಿಮಡಿಯ ಹತ್ತಿರ ತಲೆ ತಗ್ಗಿಸಿ ಕೂತಿದ್ದ. ಕೋಲಿನಿಂದ ಕೆದಕಿದರೆ ಒಳಗೆ ಇನ್ನೂ ಕೆಂಪಗಿತ್ತು. ಹಾರುಮಿ ಬಾವಿಯಿಂದ ಕೊಡ ನೀರು ತಂದು ಸುರಿದರು.

“ಬಾಯಾರ ಜೀವಕ್ಕ ಏನರ ಆಗಿದ್ರ ನಾ ಯಾರಿಗೆ ಮುಖಾ ತೋರಸ್ತಿದ್ದೆ?” ಎಂದು ಕಾಕಾ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಜಪಾನಿಗೆ ಹೋಗಲಿಲ್ಲ. ಪರೀಕ್ಷೆಯಲ್ಲಿ ನಪಾಸಾದೆ, ಹಳಿಯಾಳದಲ್ಲೇ ಕೆಲಸಕ್ಕೆ ಸೇರಿದೆ. ಕಲಿತದ್ದು ಬಹಳಷ್ಟು ಮರೆತಿದೆ. ಆದರೆ ಈಗಲೂ ಎಲ್ಲಾದರೂ ಹೊಗೆ ವಾಸನೆ ಬಂದರೆ ಮೊದಲು ಬೆನ್ನ ಹಿಂದೆ ತಿರುಗಿ ನೋಡುತ್ತೇನೆ.

ಈ ಏಪ್ರಿಲ್‌ನಲ್ಲೂ ಸಸಿಮಡಿ ಸುಟ್ಟ ದಿನ ಕಾಕುಗೆ ಫೋನ್ ಮಾಡಿದ್ದೆ. ಎರಡು ಕಟ್ಟಿಗೆ ಬಡಿಯುತ್ತ, ‘ಹಿ ನೊ ಯೋಜಿನ್’ ಎಂದು ಕೂಗುತ್ತ ಗದ್ದೆ ಸುತ್ತಿ ಬಂದಿದ್ದಳಂತೆ. ಕಾಕಾ ಉಂಡನೇ ಎಂದು ಕೇಳಿದೆ.

“ಇಲ್ಲವಾ. ಬೂದ್ಯಾಗ ಕೈ ಇಟ್ಟ ನೋಡಾಕ ಹೋಗ್ಯಾರ. ಆ ಬೆಂಕಿ ಬೀಜಾ ಸತ್ತೇತಿ ಅಂತ ಬಂದ ಹೇಳೂತನಕ ನಾ ತಾಟ ಹಾಕೂದಿಲ್ಲ.”