ಟ್ರಂಪೆಟ್ ಮತ್ತು ಬಳಗ

ಆಫ್ರಿಕಾದ ಜಾಝ್ ಟ್ರಂಪೆಟ್ ವಾದಕನೊಬ್ಬನ ಜನಪ್ರಿಯ ಹಾಡುಗಳ ಸಂಕಲನವನ್ನು ನಾನು ಮೊಬೈಲಿನಿಂದ ಸಣ್ಣ ಸ್ಪೀಕರಿಗೆ ಹಾಕಿ ಕೇಳಿಸಿದ್ದು ಕಲ್ಲಡ್ಕದಲ್ಲಿ, ಸೋದರಮಾವನ ಮನೆಯ ಚಾವಡಿಯಲ್ಲಿ. ಮಾವ ಬ್ಯಾಂಡ್ ಸೆಟ್ಟಿನ ಟ್ರಂಪೆಟ್ಟಿನವರು. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಮದುವೆಯ ದಿಬ್ಬಣ, ಭೂತಗಳ ನೇಮ, ಎಲ್ಲದಕ್ಕೂ ಅವರ ತಂಡ ಹೋಗುತ್ತಿತ್ತು. ಅಂದು ಅವರ ಪಕ್ಕದಲ್ಲಿ ಅದೇ ತಂಡದ ಡ್ರಮ್ಮಿನವರು ಕುಳಿತಿದ್ದರು. ಕೀಲುನೋವಿನಿಂದ ಕೋಲು ಹಿಡಿಯಲಾಗದೆ ವಾದನ ಬಿಟ್ಟ ಅವರು ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದರು. ಹೆಸರು ಮುದ್ರಿತವಾದ ದಾಖಲೆ ಇಲ್ಲವೆಂದು ಅದು ಕಚೇರಿಯಿಂದ ವಾಪಸಾಗಿತ್ತು. ವಿಶ್ವವಿದ್ಯಾಲಯದಲ್ಲಿ ಓದಿದವಳೆಂದು, ಏನಾದರೂ ದಾರಿ ಹುಡುಕಲು ನನ್ನನ್ನು ಕರೆಸಿದ್ದರು.

ಮಾವ ಕಣ್ಣು ಮುಚ್ಚಿ ಕೇಳಿದರು. "ಎಲ್ಲಿ ಉಸಿರು ತೆಕ್ಕೊಳ್ತಾನೆ ಅಂತಲೇ ಗೊತ್ತಾಗುದಿಲ್ಲ ಮಾರಾಯ್ತಿ. ಇವನ ಎದೆಯೊಳಗೆ ಇರುವುದು ಕಮ್ಮಾರನ ತಿದಿಯಾ?"

ಡ್ರಮ್ಮಿನವರ ಕಿವಿ ಟ್ರಂಪೆಟ್ಟಿನ ಮೇಲಿರಲಿಲ್ಲ. ಮೂರನೆಯ ಹಾಡಿನಲ್ಲಿ ಅದು ಒಂದು ದೀರ್ಘ ಸ್ವರದಲ್ಲಿ ನಿಂತಾಗ ಕೆಳಗಿನ ಡ್ರಮ್ ತುಸು ಹಿಂದೆ ಸರಿದು, ಮತ್ತೆ ಓಡಿಬಂದು ಅದನ್ನು ಎತ್ತಿಕೊಂಡಿತು. ಅವರ ಬಾಗಿದ ಬೆರಳುಗಳು ಮಂಡಿಯ ಮೇಲೆ ಆ ಪೆಟ್ಟನ್ನೇ ಹುಡುಕುತ್ತಿದ್ದವು. "ಇದು ಬಡಿಯುವವ ಯಾರು?"

ಪರದೆಯ ಮೇಲೆಲ್ಲ ನೋಡಿದೆ. ಟ್ರಂಪೆಟ್ಟಿನವನ ಹೆಸರಿತ್ತು, ಕಂಪನಿಯ ಹೆಸರು ಎರಡು ಕಡೆ ಇತ್ತು, ಡ್ರಮ್ ಬಾರಿಸಿದವನ ಸುಳಿವೇ ಇಲ್ಲ. "ಇದು ಹಾಡಹಗಲಿನ ಕಳ್ಳತನ, ಇದಕ್ಕೆ ಯಾರು ಉತ್ತರ ಕೊಡುತ್ತಾರೆ?" ಎಂದು ನಾನು ಸಿಡುಕಿದೆ.

"ಅಷ್ಟು ದೂರದ್ದಕ್ಕೆ ಬೊಬ್ಬೆ ಹಾಕ್ಬೇಡ, ಇಲ್ಲಿಯದ್ದು ನೋಡು," ಎಂದ ಮಾವ ಒಳಗಿನಿಂದ ಆಮಂತ್ರಣ ಪತ್ರಿಕೆಗಳ ಕಟ್ಟು ತಂದು ಹಾಕಿದರು. ದಾನಿಗಳು, ಅಧ್ಯಕ್ಷರು, ಶಾಮಿಯಾನದವರು, ಧ್ವನಿವರ್ಧಕದ ಅಂಗಡಿ, ಎಲ್ಲರ ಹೆಸರೂ ಅಚ್ಚಾಗಿತ್ತು. ವಾದ್ಯದ ಸಾಲಿನಲ್ಲಿ ಮಾತ್ರ ಮಾವನ ಹೆಸರು, ಅದರ ಬೆನ್ನಿಗೆ "ಮತ್ತು ಬಳಗ".

ಮೂಡುಬಿದಿರೆಯ ಕಡೆಯ ಒಂದು ನೇಮದ ಸಮಿತಿಯ ಕಾರ್ಯದರ್ಶಿಯ ಬಳಿ, ಡ್ರಮ್ಮಿನವರು ಅಲ್ಲಿ ಬಾರಿಸುತ್ತಿದ್ದರೆಂದು ದೃಢೀಕರಣ ಪತ್ರ ಕೇಳಿದೆ. "ಅವರು ಪ್ರತಿ ವರ್ಷ ಬರ್ತಿದ್ದದ್ದು ಹೌದು, ಇಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ನಾವು ಸೆಟ್ ಬುಕ್ ಮಾಡುದು, ಜನ ಅಲ್ಲ. ಇವರಿಗೆ ಬರೆದು ಕೊಟ್ರೆ ನಾಳೆ ಕುರ್ಚಿ ಹಾಕಿದವರೂ ಬರ್ತಾರೆ."

"ಬರಲಿ. ಅವರಿಗೂ ಬರೆದು ಕೊಡಿ."

"ನೀವು ಬೊಂಡ ಕುಡೀರಿ," ಎಂದರು. ಎಳನೀರು ಬಂತು, ಪತ್ರ ಬರಲಿಲ್ಲ.

ಆಗ ನೆನಪಾದದ್ದು ನನ್ನದೇ ಲೇಖನ. ಈ ಬ್ಯಾಂಡಿನ ಬಗ್ಗೆ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬರೆದಿದ್ದೆ. ಬೆಳ್ತಂಗಡಿಯ ನಮ್ಮ ಮನೆಗೆ ಹೋಗಿ, ದಾಖಲೆ ಸಿಕ್ಕಿತೆಂಬ ಉತ್ಸಾಹದಲ್ಲಿ ಕಡತ ಬಿಚ್ಚಿದೆ. ಮಾವನ ಹೆಸರು ನಾಲ್ಕು ಸಲ ಇತ್ತು. ಕೊನೆಯಲ್ಲಿ ಒಂದು ವಾಕ್ಯ: "ಅವರ ಬಳಗದ ಶ್ರಮವೂ ಸ್ಮರಣೀಯ." ಟ್ರಂಪೆಟ್ ಉಸಿರಿಗೆ ನಿಂತಾಗ ಡ್ರಮ್ ಹೇಗೆ ಕಾಯಬೇಕೆಂದು ಡ್ರಮ್ಮಿನವರು ಒಂದು ಗಂಟೆ ಕೂತು ನನಗೆ ವಿವರಿಸಿದ್ದರು. ಆ ವಿವರವನ್ನು ನಾನು ಲೇಖನದಲ್ಲಿ ನನ್ನದೇ ಗಮನಿಕೆಯೆಂಬಂತೆ ಬರೆದಿದ್ದೆ.

ಪತ್ರಿಕೆಗೆ ಫೋನು ಮಾಡಿ ತಿದ್ದುಪಡಿ ಕೇಳಿದೆ. "ತಪ್ಪು ಬರೆದಿದ್ದರೆ ತಿದ್ದಬಹುದು, ಬಿಟ್ಟುಹೋದದ್ದಕ್ಕೆ ಏನು ಹಾಕುವುದು?" ಎಂಬ ಉತ್ತರ ಬಂತು. ಹೆಸರು ಬಿಟ್ಟವಳು ನಾನೇ ಎಂದು ನೋಟರಿಯವರಿಂದ ಪ್ರಮಾಣಪತ್ರ ಮಾಡಿಸಿ, ವಾಪಸಾದ ಅರ್ಜಿಗೆ ಲಗತ್ತಿಸಿ ಮತ್ತೆ ಕೊಟ್ಟೆ. ಕಚೇರಿಯ ಗುಮಾಸ್ತ ಅದನ್ನು ತಿರುವಿ ನೋಡಿ, "ಇದಕ್ಕೆ ಕಾಲಂ ಇಲ್ಲ. ಇಟ್ಟು ಹೋಗಿ, ನೋಡುವ," ಎಂದ.

ನಡೆದದ್ದನ್ನು ಡ್ರಮ್ಮಿನವರ ಮುಂದೆ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. ಇದನ್ನೆಲ್ಲ ಬರೆಯುತ್ತೇನೆ, ಈ ಸಲ ನಿಮ್ಮ ಪೂರ್ತಿ ಹೆಸರು ಹಾಕುತ್ತೇನೆ ಎಂದೆ.

"ಈಗ ಬೇಡ ಮಗಾ," ಎಂದರು. "ಅರ್ಜಿ ಕಚೇರಿ ಒಳಗೆ ಉಂಟು. ಓದಿ ಅವರಿಗೆ ಸಿಟ್ಟು ಬಂದ್ರೆ?"